ಗಂಟಲು ನೋವಿನ ಬ್ಯಾಕ್ಟೀರಿಯಾ ಕಾಲನ್ನೇ ಕೊಳೆಸುವುದು ಹೇಗೆ?

ಮಕ್ಕಳ ಗಂಟಲು ನೋವಿಗೆ ಕಾರಣವಾಗುವ ಸ್ಟ್ರೆಪ್ಟೊಕಾಕಸ್ಸೇ ನಿಮ್ಮ ಪರಿಚಿತರೊಬ್ಬರ ಕಾಲನ್ನು ಎರಡು ದಿನಗಳಲ್ಲಿ ಕೊಳೆಸಿತು ಎಂದು ವೈದ್ಯರು ಹೇಳಿದರಂತೆ; ಅದು ಬೇರೆ ಜಾತಿಯದಿರಬೇಕಲ್ಲವೇ ಎಂದು ಕೇಳಿದ್ದೀರಿ. ಅಲ್ಲ, ಜಾತಿ ಅದೇ: ಸ್ಟ್ರೆಪ್ಟೊಕಾಕಸ್ ಪಯೋಜೆನ್ಸ್. ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಇದನ್ನು ಬೆಳೆಸಿ ನೋಡಿದ್ದೇನೆ. ಮಗುವಿನ ಗಂಟಲಿನಿಂದ ಬಂದದ್ದಾಗಲಿ, ಐಸಿಯುನಲ್ಲಿರುವವರ ರಕ್ತದಿಂದ ಬಂದದ್ದಾಗಲಿ, ರಕ್ತ ಬೆರೆಸಿದ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಲೋಳೆಯಂಥ ಮಾಧ್ಯಮ) ತಟ್ಟೆಯ ಮೇಲೆ ಒಂದೇ ತೆರನಾಗಿ ಕಾಣುತ್ತದೆ. ಸಾಸಿವೆಗಿಂತ ಸಣ್ಣ ಬೂದು ಚುಕ್ಕೆ, ಸುತ್ತ ರಕ್ತ ಕರಗಿ ತಿಳಿಯಾದ ವೃತ್ತ.

ಈ ಜೀವಿಯ ಸಹಜ ನೆಲೆ ಮನುಷ್ಯ ಮಾತ್ರ. ಹಾಗಾಗಿ ಅದರ ಒಂದೊಂದು ಸಲಕರಣೆಯೂ ನಮ್ಮ ದೇಹದ ಅಳತೆಗೇ ಹೊಲಿದಂತಿದೆ. ಮೈಮೇಲೆ ಹೊದ್ದುಕೊಳ್ಳುವ ಹೊದಿಕೆ ಹೈಯಲುರಾನಿಕ್ ಆಮ್ಲದ್ದು. ನಮ್ಮ ಚರ್ಮ, ಕೀಲುಗಳಲ್ಲಿ ಇರುವುದೂ ಅದೇ ಆದ್ದರಿಂದ ರೋಗನಿರೋಧಕ ವ್ಯವಸ್ಥೆ ಅದನ್ನು ಪರಕೀಯವೆಂದು ಗುರುತಿಸುವುದಿಲ್ಲ. ಹೊದಿಕೆಯಾಚೆ ಕೂದಲಿನಂತೆ ಚಾಚಿಕೊಂಡ ಎಂ ಪ್ರೋಟೀನು, ಬಿಳಿ ರಕ್ತಕಣಗಳು ಅದನ್ನು ನುಂಗದಂತೆ ತಡೆಯುತ್ತದೆ. ಇದರಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಒಂದರ ವಿರುದ್ಧ ಬೆಳೆದ ರಕ್ಷಣೆ ಇನ್ನೊಂದಕ್ಕೆ ಸಾಕಾಗದೆ ಹೋಗುತ್ತದೆ.

ನನ್ನನ್ನು ಅತಿ ಹೆಚ್ಚು ಬೆರಗುಗೊಳಿಸುವುದು ಇದು ಸ್ರವಿಸುವ ಸ್ಟ್ರೆಪ್ಟೊಕೈನೇಸ್ ಎಂಬ ಪ್ರೋಟೀನು. ಸೋಂಕಾದ ಜಾಗದ ಸುತ್ತ ದೇಹ ರಕ್ತ ಹೆಪ್ಪುಗಟ್ಟಿಸಿ ಗೋಡೆ ಕಟ್ಟುತ್ತದೆ. ಹೆಪ್ಪು ಕರಗಿಸಬಲ್ಲ ಪ್ಲಾಸ್ಮಿನೋಜೆನ್ ನಮ್ಮ ರಕ್ತದಲ್ಲೇ ಇದೆ, ನಿದ್ರಿಸುತ್ತಿರುತ್ತದೆ. ಬ್ಯಾಕ್ಟೀರಿಯಾ ತನ್ನ ಸ್ಟ್ರೆಪ್ಟೊಕೈನೇಸ್‌ನಿಂದ ಅದನ್ನು ಎಬ್ಬಿಸಿ, ನಾವು ಕಟ್ಟಿದ ಗೋಡೆಯನ್ನು ನಮ್ಮ ಕೈಯಿಂದಲೇ ಒಡೆಸುತ್ತದೆ. ಹೃದಯಾಘಾತವಾದವರಿಗೆ ಹೆಪ್ಪು ಕರಗಿಸಲು ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ಸ್ಟ್ರೆಪ್ಟೊಕೈನೇಸ್ ಇದರ ಸೋದರ ಜಾತಿಯೊಂದರಿಂದ ಬಂದದ್ದೇ.

ಹಾಗಿದ್ದರೆ ಎಲ್ಲರಿಗೂ ಏಕೆ ಹೀಗಾಗುವುದಿಲ್ಲ? ಕೆಲವು ತಳಿಗಳು ಹೆಚ್ಚು ಉಗ್ರ ಎನ್ನುವುದು ನಿಜ. 1980ರ ದಶಕದಿಂದ ಹಲವು ದೇಶಗಳಿಗೆ ಹರಡಿದ ಎಂ1 ತಳಿ ಅದಕ್ಕೆ ಉದಾಹರಣೆ. ಆದರೆ ದೇಹದೊಳಗೇ ನಡೆಯುವ ಇನ್ನೊಂದು ಸಂಗತಿ ಇದೆ. ವಿಷಗಳ ಉತ್ಪಾದನೆಯನ್ನು ಹತೋಟಿಯಲ್ಲಿಡುವ ಕೋವ್‌ಎಸ್ ಎಂಬ ಜೀನ್ ಕೆಟ್ಟರೆ, ಹೊದಿಕೆ ದಪ್ಪವಾಗುತ್ತದೆ, ವಿಷ ಹೆಚ್ಚುತ್ತದೆ. ಬಿಳಿ ರಕ್ತಕಣಗಳ ದಾಳಿಯಲ್ಲಿ ಉಳಿದುಕೊಳ್ಳುವುದು ಇಂಥ ರೂಪಾಂತರಿಗಳೇ. ಇವಕ್ಕೆ ಗಂಟಲಲ್ಲಿ ನೆಲೆಯೂರುವ ಶಕ್ತಿ ಕಡಿಮೆ ಎಂದು ಪ್ರಯೋಗಗಳು ತೋರಿಸಿವೆ. ಅಂದರೆ ಗಂಟಲಿನಿಂದ ಇನ್ನೊಬ್ಬರಿಗೆ ಹರಡಿ ಬದುಕುವ ಆ ಜೀವಿಗೂ ಒಬ್ಬ ಮನುಷ್ಯನನ್ನು ಕೊಲ್ಲುವುದರಿಂದ ದೊಡ್ಡ ಲಾಭವಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮತ್ತೆ ಸೂಪರ್‌ಆಂಟಿಜೆನ್‌ಗಳು, ಅಂದರೆ ರೋಗನಿರೋಧಕ ವ್ಯವಸ್ಥೆಯನ್ನೇ ಹುಚ್ಚೆಬ್ಬಿಸುವ ಇದರ ವಿಷಗಳು. ಸಾಮಾನ್ಯ ಸೋಂಕಿಗೆ ನಮ್ಮ ಟಿ ಕಣಗಳಲ್ಲಿ (ರಕ್ಷಣೆಯನ್ನು ನಿರ್ದೇಶಿಸುವ ಒಂದು ಬಗೆಯ ಬಿಳಿ ರಕ್ತಕಣ) ಹತ್ತು ಸಾವಿರಕ್ಕೆ ಒಂದೋ ಅದಕ್ಕಿಂತ ಕಡಿಮೆಯೋ ಎಚ್ಚರಗೊಳ್ಳುತ್ತವೆ. ಸೂಪರ್‌ಆಂಟಿಜೆನ್‌ಗಳು ಟಿ ಕಣಗಳಲ್ಲಿ ಶೇ. 20ರವರೆಗೂ ಒಮ್ಮೆಲೇ ಕೆರಳಿಸಬಲ್ಲವು. ರಕ್ತದೊತ್ತಡ ಕುಸಿದು ಮೂತ್ರಪಿಂಡ, ಯಕೃತ್ತು ಸೋಲುವುದು ಈ ಬಿರುಗಾಳಿಯಲ್ಲಿ.

ಒಳಬರುವ ದಾರಿ? ಬಾಣಂತಿಯ ಗರ್ಭಕೋಶ, ಸೀತಾಳೆ ಸಿಡುಬಿನ ಗುಳ್ಳೆ, ಸಣ್ಣ ತರಚು. ನಮ್ಮ ಹಿರಿಯರು ಬಾಣಂತಿ ನಂಜು ಎಂದು ಹೆದರುತ್ತಿದ್ದುದರ ಹಿಂದೆ ಅನೇಕ ಸಲ ಇದೇ ಇತ್ತು. 1879ರಲ್ಲಿ ಈ ನಂಜಿನ ಚರ್ಚೆ ನಡೆದ ಪ್ಯಾರಿಸ್‌ನ ಸಭೆಯೊಂದರಲ್ಲಿ ವಿಜ್ಞಾನಿ ಲೂಯಿ ಪಾಶ್ಚರ್ ಎದ್ದುಹೋಗಿ, ಸರಪಳಿಯಂತೆ ಸಾಲುಗಟ್ಟಿ ನಿಲ್ಲುವ ಈ ಬ್ಯಾಕ್ಟೀರಿಯಾದ ಚಿತ್ರವನ್ನು ಹಲಗೆಯ ಮೇಲೆ ಬರೆದು ತೋರಿಸಿದರು. ಎಷ್ಟೋ ಸಲ ಗಾಯವೇ ಇರುವುದಿಲ್ಲ, ಬರೀ ಒಳಪೆಟ್ಟು. ಕೆನಡಾದ ರಾಜಕಾರಣಿ ಲೂಸಿಯನ್ ಬುಷಾರ್ 1994ರ ಡಿಸೆಂಬರ್‌ನಲ್ಲಿ ಎಡಗಾಲು ಕಳೆದುಕೊಂಡದ್ದು ಇದೇ ಸೋಂಕಿಗೆ.

ಒಮ್ಮೆ ತೊಡೆಗೆ ಪೆಟ್ಟು ಬಿದ್ದ ಯುವಕನೊಬ್ಬನನ್ನು ಎಕ್ಸ್‌ರೇ ಸರಿಯಿದೆ ಎಂದು ನೋವಿನ ಮಾತ್ರೆ ಕೊಟ್ಟು ಕಳುಹಿಸಿದ್ದರು. ಎರಡು ದಿನ ಕಳೆದು ಅವನ ಸ್ನಾಯುಪೊರೆಯ ತುಣುಕು ನನ್ನ ಮೇಜಿಗೆ ಬಂತು. ಚರ್ಮ ಚೆನ್ನಾಗಿಯೇ ಇದೆ, ಆದರೆ ನೋವು ತಡೆಯಲಾಗದಷ್ಟು, ಜತೆಗೆ ಜ್ವರ, ಗೊಂದಲ: ಹೀಗಿದ್ದರೆ ದಯವಿಟ್ಟು ಬೆಳಗಾಗಲಿ ಎಂದು ಕಾಯಬೇಡಿ, ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೇ ಹೋಗಿ. ಪೆನಿಸಿಲಿನ್ ಇಂದಿಗೂ ಇದನ್ನು ಕೊಲ್ಲುತ್ತದೆ, ವಿಷ ತಯಾರಾಗುವುದನ್ನು ನಿಲ್ಲಿಸಲು ಜತೆಗೆ ಕ್ಲಿಂಡಾಮೈಸಿನ್ ಎಂಬ ಇನ್ನೊಂದು ಆಂಟಿಬಯೋಟಿಕ್ ಕೊಡುತ್ತಾರೆ. ಆದರೆ ಸತ್ತ ಅಂಗಾಂಶಕ್ಕೆ ರಕ್ತ ಹರಿಯುವುದಿಲ್ಲ, ರಕ್ತ ಹರಿಯದೆಡೆಗೆ ಔಷಧವೂ ತಲುಪುವುದಿಲ್ಲ. ಅದನ್ನು ಕತ್ತರಿಸಿಯೇ ತೆಗೆಯಬೇಕು, ಅದೂ ಗಂಟೆಗಳ ಒಳಗೆ.