ನೋಡಿದರು, ಆದರೆ ನೀವು ಕಾಣಲಿಲ್ಲ

ಎರಡು ಚಕ್ರದ ಪ್ರಶ್ನೆಗಳು: ಓದುಗರು ಕೇಳುತ್ತಾರೆ. ಸರ್ಕಾರಿ ಬಸ್ ಓಡಿಸಿ, ಹೊಸ ಡ್ರೈವರ್‌ಗಳಿಗೆ ಪಾಠ ಹೇಳಿ ನಿವೃತ್ತರಾಗಿ, ಈಗ ಹಾಸನದಲ್ಲಿ ಬೈಕ್ ಹತ್ತಿ ಓಡಾಡುವ ನಮ್ಮ ಅಂಕಣಕಾರರು ಉತ್ತರಿಸುತ್ತಾರೆ.

ಪ್ರಶ್ನೆ: ನಾನು ಸ್ಕೂಟರ್‌ನಲ್ಲಿ ಶಾಲೆಗೆ ಹೋಗುತ್ತೇನೆ. ಹೋದ ವಾರ ಬಿ.ಎಚ್. ರಸ್ತೆಯಲ್ಲಿ ಎಡಗಡೆಯ ಅಡ್ಡರಸ್ತೆಯಿಂದ ಒಂದು ಕಾರು ಬಂತು. ಡ್ರೈವರ್ ನನ್ನ ಕಡೆ ತಿರುಗಿ ನೋಡಿದರು. ನಿಲ್ಲಿಸುತ್ತಾರೆ ಅಂದುಕೊಂಡೆ. ನುಗ್ಗಿಯೇ ಬಿಟ್ಟರು. ಸ್ವಲ್ಪದರಲ್ಲಿ ಪಾರಾದೆ. ಆಮೇಲೆ ಕೇಳಿದರೆ "ನೀವು ಕಾಣಲೇ ಇಲ್ಲ ಮೇಡಂ" ಅಂತಾರೆ. ಇದು ಸುಳ್ಳಲ್ವಾ?
— ಶಿಕ್ಷಕಿ, ಶಿವಮೊಗ್ಗ

ಉತ್ತರ: ನಂಬುವುದು ಕಷ್ಟ ಮೇಡಂ, ಆದರೆ ಅವರು ನಿಜ ಹೇಳಿರುವ ಸಾಧ್ಯತೆಯೇ ಜಾಸ್ತಿ. ಮುಖ ನಿಮ್ಮ ಕಡೆ ತಿರುಗಿತ್ತು ಅಷ್ಟೆ. ಅಡ್ಡರಸ್ತೆಯಿಂದ ಬರುವವರು ಹುಡುಕುವುದು ಬಸ್ಸು, ಲಾರಿ, ಕಾರು. ಅಂದರೆ ತಮಗೆ ಪೆಟ್ಟು ಕೊಡಬಲ್ಲ ಗಾಡಿ. ಅಂಥದ್ದು ಯಾವುದೂ ಇಲ್ಲ ಅಂದ ಕೂಡಲೇ ಕಾಲು ಕ್ಲಚ್ ಬಿಟ್ಟಾಗಿರುತ್ತದೆ. ಅಷ್ಟಗಲದ ರಸ್ತೆಯಲ್ಲಿ ಎದುರಿನಿಂದ ನೋಡಿದರೆ ಸ್ಕೂಟರ್ ಅಂದರೆ ಒಂದು ಗೆರೆ. ಚಿಕ್ಕದಾಗಿ ಕಾಣುವುದರಿಂದ ಇನ್ನೂ ದೂರ ಇದೆ, ನಿಧಾನ ಬರುತ್ತಿದೆ ಅಂತಲೂ ಅನ್ನಿಸುತ್ತದೆ.

ಇನ್ನೊಂದು ಕಾರಣ ಕಾರಿನಲ್ಲೇ ಇದೆ. ಮುಂದಿನ ಗಾಜಿನ ಎರಡೂ ಪಕ್ಕ ಮಾಡನ್ನು ಹಿಡಿದಿರುವ ಓರೆ ಕಂಬ ಇರುತ್ತದಲ್ಲ, ಅದು. ನಮ್ಮಲ್ಲಿ ಡ್ರೈವರ್ ಕೂರುವುದು ಬಲಗಡೆ. ಎಡಗಡೆಯ ಅಡ್ಡರಸ್ತೆಯಿಂದ ಹೊರಬರುವ ಡ್ರೈವರ್‌ಗೆ ನೀವು ಬಲಗಡೆಯಿಂದ ಬರುತ್ತೀರಿ. ಬಲಗಡೆಯ ಕಂಬ ಅವರ ಮುಖಕ್ಕೆ ತೀರಾ ಹತ್ತಿರ. ಮೂವತ್ತು ಮೀಟರ್ ದೂರದ ಸ್ಕೂಟರ್ ಪೂರ್ತಿಯಾಗಿ ಅದರ ಹಿಂದೆ ಮಾಯವಾಗುತ್ತದೆ. ಕಾರು ಮುಂದೆ ಸರಿದ ಹಾಗೆ ನೀವೂ ಮುಂದೆ ಬರುತ್ತೀರಿ. ಎರಡರ ವೇಗವೂ ಹೊಂದಿಬಿಟ್ಟರೆ ಕೊನೆಯವರೆಗೂ ನೀವು ಕಂಬದ ಹಿಂದೆಯೇ. ಭಾನುವಾರ ಬಿಡುವಾದಾಗ ನೀವೇ ನೋಡಿ. ನಿಂತ ಕಾರಿನ ಡ್ರೈವರ್ ಸೀಟಿನಲ್ಲಿ ಕೂತು, ಮನೆಯವರನ್ನು ಸ್ಕೂಟರ್ ಸಮೇತ ಬಲಗಡೆ ಸ್ವಲ್ಪ ದೂರದಲ್ಲಿ ನಿಲ್ಲಿಸಿ. ಆಚೀಚೆ ಸರಿಯಲು ಹೇಳಿ. ಒಂದು ಜಾಗದಲ್ಲಿ ಗಂಡನೂ ಇಲ್ಲ, ಸ್ಕೂಟರೂ ಇಲ್ಲ.

ಹ್ಯಾರಿ ಹರ್ಟ್ ಅಂತ ಅಮೆರಿಕದ ಒಬ್ಬ ಪ್ರೊಫೆಸರ್ ಇದ್ದರು. ಲಾಸ್ ಏಂಜಲೀಸ್ ಸುತ್ತಮುತ್ತ ನಡೆದ 900ರಷ್ಟು ಬೈಕ್ ಅಪಘಾತಗಳನ್ನು ಅವರ ತಂಡ ಸ್ಥಳಕ್ಕೇ ಹೋಗಿ ನೋಡಿತು. ವರದಿ ಬಂದದ್ದು 1981ರಲ್ಲಿ. ಬೈಕಿಗೆ ಇನ್ನೊಂದು ಗಾಡಿ ತಾಗಿದ ಪ್ರಕರಣಗಳಲ್ಲಿ ಸುಮಾರು ಮೂರನೇ ಎರಡು ಪಾಲು, ಬೈಕಿಗೆ ಬಿಡಬೇಕಾದ ದಾರಿಯನ್ನು ಆ ಇನ್ನೊಂದು ಗಾಡಿಯವರು ಬಿಡದೆ ಆದದ್ದು. ಊರು ಬೇರೆ, ಕಥೆ ನಿಮ್ಮದೇ.

ಹಾಗಾದರೆ ಏನು ಮಾಡಬೇಕು? ಇನ್ನು ಮೇಲೆ ಡ್ರೈವರ್ ಮುಖ ನೋಡಬೇಡಿ, ಕಾರಿನ ಮುಂದಿನ ಚಕ್ರ ನೋಡಿ. ಕಾರು ಹೊರಟಿತೋ ಇಲ್ಲವೋ ಅನ್ನುವುದು ಬಾನೆಟ್ ನೋಡಿದರೆ ತಡವಾಗಿ ಗೊತ್ತಾಗುತ್ತದೆ. ಚಕ್ರದ ಮೇಲ್ಭಾಗ ಒಂದು ಗೇಣು ಉರುಳಿದರೂ ತಕ್ಷಣ ಕಣ್ಣಿಗೆ ಬೀಳುತ್ತದೆ. ಇಂಡಿಕೇಟರ್ ಸುಳ್ಳು ಹೇಳಬಹುದು, ಕೈಸನ್ನೆ ಸುಳ್ಳು ಹೇಳಬಹುದು, ಚಕ್ರ ಸುಳ್ಳು ಹೇಳಲ್ಲ. ಎಡಗಡೆ ಅಡ್ಡರಸ್ತೆ ಕಂಡ ಕೂಡಲೇ ಹಿಂದೆ ನೋಡಿಕೊಂಡು ರಸ್ತೆಯ ನಡುಭಾಗದ ಕಡೆ ಸ್ವಲ್ಪ ಸರಿಯಿರಿ. ನೇರ ಬರುವ ಚುಕ್ಕೆಗಿಂತ ಅಡ್ಡ ಸರಿಯುವ ಚುಕ್ಕೆ ಬೇಗ ಗಮನ ಸೆಳೆಯುತ್ತದೆ, ಕಂಬದ ಮರೆಯಿಂದಲೂ ಆಚೆ ಬರುತ್ತೀರಿ, ಮಧ್ಯೆ ಜಾಗವೂ ಸಿಗುತ್ತದೆ. ಎರಡು ಬೆರಳು ಬ್ರೇಕ್ ಮೇಲೇ ಇರಲಿ.

ಹಾಂ, ಹೆಡ್‌ಲೈಟ್. 2017ರ ಏಪ್ರಿಲ್‌ನಿಂದ ಬಂದ ಗಾಡಿಗಳಲ್ಲಿ ಹಗಲೂ ಲೈಟ್ ಉರಿಯುತ್ತದೆ, ಆರಿಸಲು ಸ್ವಿಚ್ ಇಲ್ಲ. ಎದುರಿನಿಂದ ಬರುವವರು ಇಂದಿಗೂ ಬೆರಳು ಬಿಚ್ಚಿ ಮುಚ್ಚಿ "ಲೈಟ್ ಉರೀತಿದೆ" ಅಂತ ಸನ್ನೆ ಮಾಡುತ್ತಾರೆ. ಮಾಡಲಿ ಬಿಡಿ. ಅವರಿಗೆ ನೀವು ಕಂಡಿರಿ ಅಂತ ಅರ್ಥ.

ಪ್ರಶ್ನೆ: ಸರ್, ಬೆಂಗಳೂರಿನಲ್ಲಿ ಊಟ ಡೆಲಿವರಿ ಮಾಡ್ತೀನಿ. ಟೈಮ್ ಮೇಲೆ ಓಡಬೇಕು. ಬಸ್ ಎಡಗಡೆ ಸಂದಿ ಸಿಕ್ಕರೆ ನುಗ್ಗದೆ ವಿಧಿಯಿಲ್ಲ. ಮೊನ್ನೆ ಬಸ್ಸಿನ ಹಿಂಭಾಗ ನನ್ನನ್ನು ಫುಟ್‌ಪಾತ್‌ಗೆ ಒತ್ತಿಬಿಡ್ತು. ಅದೇ ಸಂಜೆ ಟ್ಯಾಕ್ಸಿ ಡೋರ್ ತೆಗೆದು ಮಂಡಿಗೆ ಬಡೀತು. ನಿಮ್ಮ ಬಸ್ ಡ್ರೈವರ್‌ಗಳಿಗೆ ಕನ್ನಡಿ ಇರೋದು ಯಾಕೆ?
— ಡೆಲಿವರಿ ಹುಡುಗ, ಬೆಂಗಳೂರು

ಉತ್ತರ: ಕೇಳಿದ್ದು ಸರಿಯಾಗೇ ಇದೆ ತಮ್ಮಾ. ಬಾ, ನನ್ನ ಸೀಟಿನಲ್ಲಿ ಒಂದು ನಿಮಿಷ ಕೂತ್ಕೋ.

ಬಸ್ ಸ್ಟಾಪ್‌ನಲ್ಲಿದೆ. ಜನ ಹತ್ತುತ್ತಿದ್ದಾರೆ. ಮೆಟ್ಟಿಲ ಮೇಲೆ ಇಬ್ಬರು ನೇತಾಡುತ್ತಿದ್ದಾರೆ, ಎಡಗಡೆಯ ಕನ್ನಡಿಯಲ್ಲಿ ಅರ್ಧ ಜಾಗ ಅವರ ಬೆನ್ನು, ಬ್ಯಾಗು. ಕಂಡಕ್ಟರ್ "ರೈಟ್" ಅಂದ. ಆ ಗಳಿಗೆಯಲ್ಲಿ ಡ್ರೈವರ್ ಕಣ್ಣು ಎಲ್ಲಿರುತ್ತದೆ? ಬಲಗಡೆಯ ಕನ್ನಡಿಯಲ್ಲಿ. ಯಾಕೆಂದರೆ ಹಿಂದಿನಿಂದ ಬರುವ ಗಾಡಿಗಳ ನಡುವೆ ಬಸ್ಸನ್ನು ಸೇರಿಸಬೇಕು, ಯಾರೂ ಜಾಗ ಬಿಡಲ್ಲ. ನೀನು ಎಡಗಡೆ ನುಗ್ಗುವುದು ಸರಿಯಾಗಿ ಅದೇ ಗಳಿಗೆಯಲ್ಲಿ. ಎಡ ಮುಂಭಾಗದ ಮೂಲೆಯ ಕೆಳಗೆ ಬಂದರೆ ಕನ್ನಡಿಯಲ್ಲೂ ಇಲ್ಲ, ಗಾಜಿನಲ್ಲೂ ಇಲ್ಲ. ನಿನ್ನ ಹೆಲ್ಮೆಟ್ ಕಿಟಕಿಯ ಮಟ್ಟಕ್ಕಿಂತ ಕೆಳಗಿರುತ್ತದೆ.

ಈಗ ಬಸ್ಸಿನ ಹಿಂಭಾಗದ ವಿಷಯ. ಹಿಂದಿನ ಚಕ್ರದ ಆಚೆಗೂ ಬಸ್ಸಿನ ದೇಹ ಬಹಳ ಉದ್ದ ಚಾಚಿಕೊಂಡಿರುತ್ತದೆ. ಡ್ರೈವರ್ ಸ್ಟೇರಿಂಗ್ ಜೋರಾಗಿ ಬಲಕ್ಕೆ ತಿರುಗಿಸಿದರೆ ಮೂತಿ ಬಲಕ್ಕೆ ಹೋಗುತ್ತದೆ, ಬಾಲ ಎಡಕ್ಕೆ ಬೀಸುತ್ತದೆ. ನಿನ್ನನ್ನು ಒತ್ತಿದ್ದು ಅದು. ಬಸ್ ಬಲಕ್ಕೆ ಹೊರಟಿತು, ಎಡಗಡೆ ಜಾಗ ಬಿಡ್ತು ಅಂತ ನಿನಗನ್ನಿಸುತ್ತದೆ. ಮುಂದೆ ಬಿಟ್ಟಿರುತ್ತದೆ, ಹಿಂದೆ ಕಿತ್ತುಕೊಂಡಿರುತ್ತದೆ. ಎಡಕ್ಕೆ ತಿರುಗುವಾಗ ಇದಕ್ಕೆ ಉಲ್ಟಾ. ಮುಂದಿನ ಚಕ್ರ ಅಗಲವಾಗಿ ಹೋಗುತ್ತದೆ, ಹಿಂದಿನ ಚಕ್ರ ಮೂಲೆಯನ್ನು ಒಳಗಿಂದ ಕತ್ತರಿಸಿಕೊಂಡು ಬರುತ್ತದೆ. ಡ್ರೈವರ್ ಮೊದಲು ಬಲಕ್ಕೆ ಎಳೆದುಕೊಂಡು ಆಮೇಲೆ ಎಡಕ್ಕೆ ಮುರಿಯುವುದು ಅದಕ್ಕೇ. ಎಡಗಡೆ ತೆರೆದುಕೊಂಡ ಆ ಜಾಗ ನಿನಗೆ ಬಿಟ್ಟ ದಾರಿ ಅಲ್ಲ, ಹಿಂದಿನ ಚಕ್ರದ ದಾರಿ. ಲಾರಿ ಆದರೂ ಇಷ್ಟೇ. ಜೀವ ಹೋಗುವ ಜಾಗ ಅದು.

ಬಸ್ಸಿನ ಕನ್ನಡಿಯಲ್ಲಿ ನಿನಗೆ ಡ್ರೈವರ್ ಮುಖ ಕಾಣುತ್ತಿಲ್ಲ ಅಂದರೆ ಅವನಿಗೂ ನೀನು ಕಾಣುತ್ತಿಲ್ಲ. ಸ್ಟಾಪ್‌ನಲ್ಲಿ ನಿಂತ ಬಸ್ಸಿನ ಎಡಗಡೆ ನುಗ್ಗಲೇಬೇಡ. ಬಲಗಡೆಯಿಂದ ಹೋಗು, ಇಲ್ಲವೇ ಹಿಂದೆ ನಿಲ್ಲು. ಟೈಮ್ ಬಗ್ಗೆ ನಿನ್ನ ಕಂಪನಿಯವರು ಏನಾದರೂ ಅಂದುಕೊಳ್ಳಲಿ, ಬಿಸಿ ಊಟ ಆರಿದರೆ ಮತ್ತೆ ಬಿಸಿ ಮಾಡಿಕೊಳ್ಳಬಹುದು.

ಡೋರ್ ವಿಷಯಕ್ಕೆ ಬರೋಣ. ಸಿಗ್ನಲ್‌ನಲ್ಲೋ ಜಾಮ್‌ನಲ್ಲೋ ನಿಂತ ಟ್ಯಾಕ್ಸಿಯಿಂದ ಜನ ಎಡಗಡೆಯ ಹಿಂದಿನ ಬಾಗಿಲಲ್ಲಿ ಇಳಿಯುತ್ತಾರೆ. ಫುಟ್‌ಪಾತ್ ಪಕ್ಕ ನಿಲ್ಲಿಸಿದ ಕಾರಿನಿಂದ ಡ್ರೈವರ್ ಬಲಗಡೆ ಇಳಿಯುತ್ತಾನೆ. ಈ ಗುರುತುಗಳನ್ನು ಹಿಡಿ: ಬ್ರೇಕ್ ಲೈಟ್ ಈಗಷ್ಟೇ ಆರಿತು, ಒಳಗೆ ಲೈಟ್ ಹತ್ತಿತು, ಸೀಟಿನ ಮೇಲೆ ತಲೆ ಕಾಣಿಸುತ್ತಿದೆ, ಹಿಂದೆ ಕೂತವರು ಬ್ಯಾಗ್ ಎತ್ತಿಕೊಳ್ಳುತ್ತಿದ್ದಾರೆ. ಯಾವುದೇ ಒಂದು ಕಂಡರೂ ಬಾಗಿಲು ತೆಗೆಯಿತು ಅಂತಲೇ ಲೆಕ್ಕ. ಸಾಲಾಗಿ ನಿಂತ ಕಾರುಗಳ ಪಕ್ಕ ಒಂದೂವರೆ ಮೀಟರ್ ದೂರ ಇಟ್ಟುಕೋ. ಅಷ್ಟು ಜಾಗ ಇಲ್ಲದಿದ್ದರೆ ನಡೆಯುವಷ್ಟೇ ವೇಗದಲ್ಲಿ ಹೋಗು.

ಆಟೋ ಬಗ್ಗೆ ನೀನು ಕೇಳಿಲ್ಲ, ಆದರೂ ಹೇಳ್ತೀನಿ. ಮುಂದೆ ಖಾಲಿ ಆಟೋ ಹೋಗುತ್ತಿದ್ದರೆ ಆಟೋ ನೋಡಬೇಡ, ಫುಟ್‌ಪಾತ್ ನೋಡು. ಅಲ್ಲಿ ಯಾರಾದರೂ ಕೈ ಎತ್ತಿದರೆ ಆಟೋ ಎಡಕ್ಕೆ ಬಂದೇ ಬರುತ್ತದೆ. ಇಂಡಿಕೇಟರ್ ಕಾಯಬೇಡ. ಕೈ ಎತ್ತಿದ ಆ ಅಜ್ಜಿಯೇ ಇಂಡಿಕೇಟರ್.

ಪ್ರಶ್ನೆ: ಮಗನಿಗೆ ಹೊಸ ಬೈಕ್ ಕೊಡಿಸಿದ್ದೇನೆ, 150 ಸಿ.ಸಿ. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎ.ಬಿ.ಎಸ್. ಇದೆ. ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತದೆ, ಹಿಂದಿನದನ್ನೇ ಒತ್ತು ಅಂತ ನಾನು, ಎ.ಬಿ.ಎಸ್. ಇದೆ ಏನೂ ಆಗಲ್ಲ ಅಂತ ಅವನು. ಯಾರದು ಸರಿ?
— ಅಡಿಕೆ ವ್ಯಾಪಾರಿ, ದಾವಣಗೆರೆ

ಉತ್ತರ: ಇಬ್ಬರದೂ ತಪ್ಪು ಯಜಮಾನರೇ. ಬ್ರೇಕ್ ಹಾಕಿದಾಗ ಗಾಡಿಯ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಹಿಂದಿನ ಚಕ್ರ ಹಗುರಾಗುತ್ತದೆ, ಅದನ್ನು ಒತ್ತಿದರೆ ಜಾರುತ್ತದೆಯೇ ಹೊರತು ಗಾಡಿ ಬೇಗ ನಿಲ್ಲಲ್ಲ. ಹೆಚ್ಚಿನ ಕೆಲಸ ಮುಂದಿನ ಬ್ರೇಕಿನದೇ. ಒಮ್ಮೆಲೇ ಹಿಂಡಬಾರದು. ಮೊದಲು ಮೆಲ್ಲಗೆ, ಮೂತಿ ತಗ್ಗಿದ್ದು ಗೊತ್ತಾದ ಮೇಲೆ ಬಿಗಿಯಾಗಿ. ಹಿಂದಿನದು ಜೊತೆಗಿರಲಿ.

125 ಸಿ.ಸಿ.ಗಿಂತ ದೊಡ್ಡ ಬೈಕುಗಳಿಗೆ ಎ.ಬಿ.ಎಸ್. ಕಡ್ಡಾಯವಾಗಿದೆ: ಹೊಸ ಮಾಡೆಲ್‌ಗಳಿಗೆ 2018ರ ಏಪ್ರಿಲ್‌ನಿಂದ, ಮಾರುವ ಎಲ್ಲಕ್ಕೂ 2019ರ ಏಪ್ರಿಲ್‌ನಿಂದ. ಒಳ್ಳೆಯದೇ. ಚಕ್ರ ಲಾಕ್ ಆಗಲು ಬಿಡಲ್ಲ. ಆದರೆ ಅನೇಕ ಬೈಕುಗಳಲ್ಲಿ ಅದು ಇರುವುದು ಮುಂದಿನ ಚಕ್ರಕ್ಕೆ ಮಾತ್ರ. ಮಗನ ಗಾಡಿ ಪುಸ್ತಕ ತೆಗೆದು ನೋಡಿ. ಮತ್ತೆ, ಮನುಷ್ಯ ಬೆಚ್ಚಿ ಬ್ರೇಕ್ ಹಿಡಿಯುವಷ್ಟರಲ್ಲಿ ಆಗುವ ತಡವನ್ನು ಎ.ಬಿ.ಎಸ್. ಕಡಿಮೆ ಮಾಡಲ್ಲ.

ಆ ತಡದ ಲೆಕ್ಕ ಮಗನಿಗೆ ತೋರಿಸಿ. 40 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ, 60ರಲ್ಲಿ ಸುಮಾರು 17. ಕಣ್ಣು ಕಂಡು ಕೈ ಹಿಡಿಯಲು ಒಂದು ಸೆಕೆಂಡ್ ಅಂದುಕೊಳ್ಳಿ. ಒಣ ರಸ್ತೆ, ಒಳ್ಳೆಯ ಟೈರು, ಎರಡೂ ಬ್ರೇಕ್ ಸರಿಯಾಗಿ ಹಿಡಿದರೆ 40ರಲ್ಲಿ ಒಟ್ಟು ಸುಮಾರು 20 ಮೀಟರ್‌ನಲ್ಲಿ ನಿಲ್ಲಬಹುದು. 60ರಲ್ಲಿ 38 ಮೀಟರ್ ಬೇಕು. ವೇಗ ಒಂದೂವರೆ ಪಟ್ಟು, ಜಾಗ ಹತ್ತಿರ ಹತ್ತಿರ ಎರಡು ಪಟ್ಟು. ನಮ್ಮ ಸಾಮಾನ್ಯ ದೊಡ್ಡ ಬಸ್ಸಿನ ಉದ್ದ ಸುಮಾರು 12 ಮೀಟರ್ ಇರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಒಂದರ ಹಿಂದೊಂದು ಮೂರು ಬಸ್ ನಿಂತಾಗ ಮಗನನ್ನು ಕರೆದುಕೊಂಡು ಹೋಗಿ ಆ ತುದಿಯಿಂದ ಈ ತುದಿ ತೋರಿಸಿ, ಇನ್ನೆರಡು ಹೆಜ್ಜೆ ಸೇರಿಸಿ. 60ರಲ್ಲಿ ನಿಲ್ಲಲು ಅಷ್ಟು ಜಾಗ ಬೇಕು. ಮಳೆ ಬಂದರೆ ಇನ್ನೂ ಜಾಸ್ತಿ.

ಖಾಲಿ ಮೈದಾನದಲ್ಲಿ ಅವನಿಂದ ಬ್ರೇಕ್ ಅಭ್ಯಾಸ ಮಾಡಿಸಿ. ಬೈಯುವುದಕ್ಕಿಂತ ಅದು ಮೇಲು.

ಪ್ರಶ್ನೆ: ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕ್ ಬಿಡಲ್ಲ. ಸರ್ವಿಸ್ ರಸ್ತೆಯೇ ಗತಿ. ರಾತ್ರಿ ಅಲ್ಲಿ ಹೋಗುವುದೇ ಭಯ.
— ಫ್ಯಾಕ್ಟರಿ ನೌಕರ, ಮದ್ದೂರು

ಉತ್ತರ: 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಬಂದ್. ಅವೆಲ್ಲ ನಿಮ್ಮ ಜೊತೆಗೇ ಬಂದಿವೆ, ಅಲ್ವಾ? ನಿಮ್ಮ ಕಡೆ ಕಬ್ಬಿನ ಕಾಲದಲ್ಲಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗೆ ಹಿಂದೆ ದೀಪವೂ ಇರಲ್ಲ, ರಿಫ್ಲೆಕ್ಟರೂ ಇರಲ್ಲ. ಕಬ್ಬು ಬೇರೆ ಹೊರಗೆ ಚಾಚಿಕೊಂಡಿರುತ್ತದೆ. ನಿಮ್ಮ ಹೆಡ್‌ಲೈಟ್ ಬೆಳಕು ಬೀಳುವಷ್ಟು ದೂರದೊಳಗೆ ನಿಲ್ಲಿಸಲು ಆಗುವ ವೇಗದಲ್ಲೇ ಹೋಗಿ. ಡಿಮ್‌ನಲ್ಲಿ ಆ ದೂರ ಬಹಳ ಕಡಿಮೆ, ಮೇಲೆ ಕೊಟ್ಟ ಲೆಕ್ಕ ಇಲ್ಲಿಗೂ ಬಂತು. ರಾಂಗ್ ಸೈಡಿನಲ್ಲಿ ಬರುವವರು ಸಾಮಾನ್ಯವಾಗಿ ನಿಮ್ಮ ಎಡ ಅಂಚು ಹಿಡಿದು ಬರುತ್ತಾರೆ. ಹಾಗಾಗಿ ಕತ್ತಲಲ್ಲಿ ಅಂಚಿಗೆ ಅಂಟಿಕೊಂಡು ಹೋಗಬೇಡಿ. ಜಾಕೆಟ್ ಬೆನ್ನಿಗೂ ಹೆಲ್ಮೆಟ್ ಹಿಂಭಾಗಕ್ಕೂ ರಿಫ್ಲೆಕ್ಟರ್ ಟೇಪ್ ಅಂಟಿಸಿ. ಚೆನ್ನಾಗಿ ಕಾಣಲ್ಲ ಅಂತ ನನ್ನ ಮಗಳು ನಗುತ್ತಾಳೆ. ರಾತ್ರಿ ಮಾತ್ರ ಚೆನ್ನಾಗಿ ಕಾಣುತ್ತದೆ.

ಪ್ರಶ್ನೆ: ಚಾರ್ಮಾಡಿ ಘಾಟಿಯಲ್ಲಿ ತಿರುವಿನಲ್ಲಿ ಕಾರುಗಳು ನಮ್ಮ ಕಡೆಗೇ ಬರುತ್ತವೆ. ಹಾರ್ನ್ ಹೊಡೆದರೂ ಕೇಳಲ್ಲ.
— ಕಾಫಿ ಬೆಳೆಗಾರ, ಮೂಡಿಗೆರೆ

ಉತ್ತರ: ಗ್ಲಾಸ್ ಏರಿಸಿ ಹಾಡು ಹಾಕಿಕೊಂಡವರಿಗೆ ಹೇಗೆ ಕೇಳಬೇಕು ಹೇಳಿ. ಹಾರ್ನ್ ಹೊಡೆಯಿರಿ, ಅದನ್ನು ನಂಬಬೇಡಿ. ಬಲ ತಿರುವಿನಲ್ಲಿ ನಮ್ಮ ತಲೆ ಮಧ್ಯದ ಗೆರೆಯ ಆಚೆ ವಾಲುತ್ತದೆ, ಚಕ್ರ ಮಾತ್ರ ಈಚೆ ಇರುತ್ತದೆ. ಆದ್ದರಿಂದ ಗೆರೆಯಿಂದ ದೂರವೇ ಇರಿ. ಮೇಲಕ್ಕೆ ಬರುವ ಬಸ್ಸಿಗೆ ಹೇರ್‌ಪಿನ್ ತಿರುವಿನಲ್ಲಿ ಇಡೀ ರಸ್ತೆ ಬೇಕೇ ಬೇಕು, ಅದು ದುರಹಂಕಾರ ಅಲ್ಲ. ತಿರುವಿನ ಮುಂಚೆಯೇ ನಿಂತು ಬಿಟ್ಟುಕೊಡಿ.

ಪ್ರಶ್ನೆ: ಯಾರಾದರೂ ಹೀಗೆ ಅಡ್ಡ ಬಂದರೆ ಅಟ್ಟಿಸಿಕೊಂಡು ಹೋಗಿ ನಾಲ್ಕು ಮಾತು ಅನ್ನದಿದ್ದರೆ ನನಗೆ ಸಮಾಧಾನ ಆಗಲ್ಲ. ತಪ್ಪಾ?
— ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ನೀವು ಅಟ್ಟಿಸಿಕೊಂಡು ಹೋಗುವಾಗ ನಿಮ್ಮ ಕಣ್ಣು ಆ ಒಂದು ನಂಬರ್ ಪ್ಲೇಟ್ ಮೇಲೇ ಇರುತ್ತದೆ. ಆಗ ರಸ್ತೆಯಲ್ಲಿ ಗಮನ ಇಲ್ಲದ ಡ್ರೈವರ್ ಯಾರು ಅಂತ ನೀವೇ ಹೇಳಿ. ಮುಂದಿನ ಚಹಾದ ಅಂಗಡಿಯ ಹತ್ತಿರ ನಿಲ್ಲಿಸಿ, ಹೆಲ್ಮೆಟ್ ತೆಗೆಯಿರಿ. ಕೈ ನಡುಗುತ್ತಿದ್ದರೆ ಅದು ನಿಲ್ಲುವವರೆಗೆ ಹತ್ತಬೇಡಿ. ನಿಜವಾಗಿ ತಾಗಿಸಿ ಓಡಿಹೋದರೆ ಮಾತು ಬೇರೆ: ನಂಬರ್ ಬರೆದುಕೊಂಡು 112ಕ್ಕೆ ಫೋನ್ ಮಾಡಿ, ಅಕ್ಕಪಕ್ಕದ ಅಂಗಡಿಯಲ್ಲಿ ಕ್ಯಾಮೆರಾ ಇದೆಯಾ ಅಂತ ಅವತ್ತೇ ಕೇಳಿ. ವಾರ ಬಿಟ್ಟು ಹೋದರೆ ಅಳಿಸಿಹೋಗಿದೆ ಅಂತಾರೆ.