ಟ್ರಂಕಿನಲ್ಲಿ ಸಿಕ್ಕ ಕೆಂಪು ನಕ್ಷತ್ರ

ಪ್ರಶ್ನೆ: ನಮ್ಮ ಮುತ್ತಜ್ಜ ಬೆಳಗಾವಿ ಕಡೆಯವರು. ಮರಾಠಾ ಪಲ್ಟಣದಲ್ಲಿದ್ದು ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ಇರಾಕಿನ ಬಸ್ರಾಕ್ಕೆ ಹೋಗಿದ್ದರಂತೆ. ಅವರ ಟ್ರಂಕಿನಲ್ಲಿ ಐದು ಮೂಲೆಯ ಕೆಂಪು ನಕ್ಷತ್ರದ ಪದಕವೊಂದು ಸಿಕ್ಕಿದೆ. ನಡುವೆ ಅರ್ಧಚಂದ್ರ, ಅರಬ್ಬಿಯಂಥ ಬರಹ. ವಸ್ತುಸಂಗ್ರಹಾಲಯವೊಂದರ ಚಿತ್ರದಲ್ಲಿ ಇಂಥದ್ದನ್ನೇ ಕಂಡೆ, ತುರ್ಕಿಯದು ಎಂದು ಬರೆದಿತ್ತು. ತುರ್ಕರ ವಿರುದ್ಧ ಹೋರಾಡಿದವರಿಗೆ ಅವರ ಪದಕ ಬಂದದ್ದು ಹೇಗೆ? ಇದನ್ನು ಬೆಳಗಿ ಚೌಕಟ್ಟು ಹಾಕಿಸಬಹುದೇ?
– ಓದುಗರೊಬ್ಬರು, ಕೋಥರೂಡ್, ಪುಣೆ

ಉತ್ತರ: ಮೊದಲು ಬೆಳಗುವ ಮಾತು. ದಯವಿಟ್ಟು ಬೇಡ. ಹುಣಸೆಹಣ್ಣೂ ಬೇಡ, ಪಾತ್ರೆಯ ಪುಡಿಯೂ ಬೇಡ. ಇದು ಹಿತ್ತಾಳೆಯ ಮೇಲೆ ತೆಳುವಾಗಿ ನಿಕಲ್ ಲೇಪಿಸಿ, ಕೆಂಪು ಅರಗು ಬಳಿದ ವಸ್ತು. ಮುಂಬಯಿಯ ಸಂಗ್ರಹಾಲಯವೊಂದರಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಇಂಥದ್ದೇ ಲೇಪದ ಪದಕವನ್ನು ಉಜ್ಜಿದೆ. ಅಂಚಿನಲ್ಲಿ ಹಳದಿ ಇಣುಕಿತು. ಆ ಕಲೆ ಇಂದಿಗೂ ನನ್ನನ್ನು ನೋಯಿಸುತ್ತದೆ. ಒಣಗಿದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಪುಣೆಯ ಮಳೆಗಾಲದ ತೇವ ತಾಗದ ಕಡೆ ಇಡಿ.

ಈಗ ಪದಕ. 1915ರ ಮಾರ್ಚ್ 1ರಂದು ತುರ್ಕಿಯ ಸುಲ್ತಾನ ಐದನೆಯ ಮೆಹ್ಮದ್ ಸ್ಥಾಪಿಸಿದ ಯುದ್ಧ ಪದಕವಿದು. ತುರ್ಕಿಯಲ್ಲಿ ಹರ್ಪ್ ಮದಲ್ಯಾಸಿ. ಜರ್ಮನ್ನರು ಕಬ್ಬಿಣದ ಅರ್ಧಚಂದ್ರ ಎಂದರು, ಇಂಗ್ಲಿಷರು ಗಲಿಪೊಲಿ ತಾರೆ ಎಂದರು. ಎರಡನೆಯ ಹೆಸರು ದಾರಿ ತಪ್ಪಿಸುತ್ತದೆ, ಏಕೆಂದರೆ ಗಲಿಪೊಲಿ ತುರ್ಕಿಯ ಒಂದು ರಣರಂಗ ಮಾತ್ರ, ಇದನ್ನು ಎಲ್ಲ ರಣರಂಗಗಳಲ್ಲೂ ಕೊಟ್ಟರು. ಚಂದ್ರನ ಒಳಗಿರುವ ಸುರುಳಿ ಬರಹ ಸುಲ್ತಾನನ ಮುದ್ರೆ, ತುಘ್ರಾ. ಕೆಳಗಿನ ಅಂಕಿ 1333 ಹಿಜರಿ ವರ್ಷ. ಎಂದರೆ 1914–15, ಏಳುನೂರು ವರ್ಷ ಹಳೆಯದೆಂದು ಯಾರಾದರೂ ಹೇಳಿದರೆ ನಂಬಬೇಡಿ. ರಿಬ್ಬನ್ ಉಳಿದಿದ್ದರೆ ಅದರ ಬಣ್ಣ ನೋಡಿ: ಕೆಂಪಿನ ಮೇಲೆ ಬಿಳಿ ಪಟ್ಟೆಯಿದ್ದರೆ ಹೋರಾಡಿದವನದು, ಬಿಳಿಯ ಮೇಲೆ ಕೆಂಪು ಪಟ್ಟೆಯಿದ್ದರೆ ಹೋರಾಟದ ಹೊರಗೆ ಸೇವೆ ಮಾಡಿದವನದು.

ಇದು ಮುತ್ತಜ್ಜ ಗೆದ್ದ ಬಹುಮಾನವಲ್ಲ. ಇನ್ನೊಬ್ಬ ಸಿಪಾಯಿಯ ಎದೆಯ ಮೇಲಿದ್ದದ್ದು. ಸೆರೆಸಿಕ್ಕವನ ಕೈಯಿಂದಲೋ ಸಂತೆಯಿಂದಲೋ ಇವರ ಗಂಟಿಗೆ ಸೇರಿರಬಹುದು. ಇದರಿಂದ ಅವರ ಮಾನ ಕಡಿಮೆಯಾಗುವುದಿಲ್ಲ. ನೀವಿರುವ ಪುಣೆಯ ಹೆಸರನ್ನೇ ಹೊತ್ತ, ಬ್ರಿಟಿಷ್ ಇಂಡಿಯಾ ಸೇನೆಯ ಆರನೆಯ ಪೂನಾ ಡಿವಿಜನ್ ಇರಾಕಿನಲ್ಲಿ ಟೈಗ್ರಿಸ್ ನದಿ ದಂಡೆಯ ಕುತ್ ಊರಿನಲ್ಲಿ ಐದು ತಿಂಗಳ ಸಮೀಪ ತುರ್ಕರ ಮುತ್ತಿಗೆಯೊಳಗಿತ್ತು. 1916ರ ಏಪ್ರಿಲ್ 29ರಂದು ಸುಮಾರು 13,000 ಜನ ಶರಣಾದರು. ಅವರಲ್ಲಿ ಮರಾಠಾ ಪಲ್ಟಣದವರೂ ಇದ್ದರು, ಎಷ್ಟೋ ಮಂದಿ ಸೆರೆಯಲ್ಲೇ ಸತ್ತರು. ನಿಮ್ಮ ಮುತ್ತಜ್ಜ ಹೋದದ್ದು ಮರುವರ್ಷ. 1917ರ ಮಾರ್ಚ್ 11ರಂದು ಬ್ರಿಟಿಷ್ ಸೇನೆ ಬಾಗ್ದಾದನ್ನು ಹಿಡಿಯಿತು.

ಟ್ರಂಕಿನಲ್ಲಿ ಇನ್ನೆರಡು ದುಂಡು ಪದಕಗಳಿವೆಯೇ ನೋಡಿ. ಬ್ರಿಟಿಷ್ ಯುದ್ಧ ಪದಕದ, ವಿಜಯ ಪದಕದ ದಪ್ಪ ಅಂಚಿನ ಮೇಲೆ ಅವರ ಸಂಖ್ಯೆ, ಹೆಸರು, ಪಲ್ಟಣ ಒತ್ತಿರುತ್ತಾರೆ. ಅದು ನಿಜವಾಗಿ ಅವರದು. ಚೌಕಟ್ಟು ಹಾಕಿಸುವುದಾದರೆ ಅವುಗಳ ಪಕ್ಕದಲ್ಲಿ ಈ ನಕ್ಷತ್ರವನ್ನೂ ಇಟ್ಟು, ತುರ್ಕಿ ಸೈನಿಕನೊಬ್ಬನದು ಎಂದು ಬರೆಯಿರಿ. ಅಂಚಿನ ಅಕ್ಷರ ಸವೆದಿದ್ದರೆ ಹಗಲು ಬೆಳಕನ್ನು ಓರೆಯಾಗಿ ಬೀಳಿಸಿ ಫೋಟೋ ತೆಗೆದು ಕಳಿಸಿ, ಓದಿ ಹೇಳುತ್ತೇನೆ.