ತಗ್ಗಿಸಿದ ಆಕ್ಟೇವಿಯಾದ ಹಿಂದಿನ ಟೈರು ಒಳಗಡೆ ಮಾತ್ರ ಸವೆಯುತ್ತಿದೆ, ಕ್ಯಾಂಬರ್ ಆರ್ಮ್ ಹಾಕಿಸಬೇಕೇ?

ಆಲ್ದೂರಿನ ಕಡೆಯವರಾದ ನೀವು ಕೇಳಿರುವುದು ಇಷ್ಟು: ಆಕ್ಟೇವಿಯಾ ಆರ್‌ಎಸ್ 245 ಕಾರಿಗೆ 30 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಹಾಕಿಸಿ 7000 ಕಿ.ಮೀ. ಓಡಿಸುವಷ್ಟರಲ್ಲಿ ಹಿಂದಿನ ಎರಡೂ ಟೈರುಗಳ ಒಳ ಅಂಚಿನಲ್ಲಿ ತಂತಿ ಕಾಣಿಸಿಕೊಂಡಿದೆ, ನಡುವೆ ಮಾತ್ರ ಬಟನ್ ಅರ್ಧಕ್ಕರ್ಧ ಉಳಿದಿದೆ, ಅಲೈನ್‌ಮೆಂಟ್ ಎರಡು ಸಲ ಆಗಿದೆ, ಈಗ ಹೊಂದಿಸಬಹುದಾದ ಕ್ಯಾಂಬರ್ ಆರ್ಮ್ (ಚಕ್ರದ ವಾಲಿಕೆಯನ್ನು ಸರಿಮಾಡಲು ಉದ್ದ ಬದಲಿಸಬಹುದಾದ ತೋಳು) ತರಿಸಬೇಕೇ ಎಂಬುದು. ನಾನು ಹಾಸನದಲ್ಲಿ ಹನ್ನೊಂದು ವರ್ಷ ಅಲೈನ್‌ಮೆಂಟ್ ಮಿಷನ್ ಮುಂದೆ ನಿಂತವನು, ನನ್ನ ಸ್ವಂತ ಕಾರನ್ನೂ ತಗ್ಗಿಸಿಕೊಂಡವನು. ಸದ್ಯಕ್ಕೆ ತರಿಸಬೇಡಿ ಎಂಬುದೇ ನನ್ನ ಉತ್ತರ. ಆದರೆ ತಂತಿ ಕಂಡ ಟೈರಿನಲ್ಲಿ ಈ ಮಳೆಯಲ್ಲಿ ಚಾರ್ಮಾಡಿ ಘಾಟಿ ಇಳಿಯುವ ಯೋಚನೆಯಿದ್ದರೆ ಅದನ್ನೂ ಸದ್ಯಕ್ಕೆ ಬಿಡಿ.

ಕಾರು ತಗ್ಗಿದಾಗ ಹಿಂದಿನ ಚಕ್ರದ ತಲೆ ಒಳಕ್ಕೆ ವಾಲುತ್ತದೆ, ಅಂದರೆ ನೆಗೆಟಿವ್ ಕ್ಯಾಂಬರ್ ಹೆಚ್ಚುತ್ತದೆ. ಅದು ಹೊರಗಿನಿಂದ ನೋಡಿದವರಿಗೂ ಕಾಣುವುದರಿಂದ ಎಲ್ಲರೂ ಅದರ ಮೇಲೆಯೇ ದೂರು ಹೊರಿಸುತ್ತಾರೆ. ಅದೇ ಹೊತ್ತಿಗೆ ಚಕ್ರವನ್ನು ಹಿಡಿದಿರುವ ಆರ್ಮ್‌ಗಳ ಕೋನ ಬದಲಾಗಿ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ಓರೆಯಾಗಿರುವ ಕೋನ, ಕೂಡ ಸರಿದಿರುತ್ತದೆ, ಅದು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಎರಡು ಡಿಗ್ರಿ ಕ್ಯಾಂಬರ್ ಇದ್ದು ಟೋ ಸರಿಯಾಗಿರುವ ಕಾರಿನಲ್ಲಿ ಒಳ ಅಂಚು ತುಸು ಬೇಗ ಸವೆಯುತ್ತದೆಯೇ ಹೊರತು 7000 ಕಿ.ಮೀ.ಗೆ ತಂತಿ ಕಾಣುವುದನ್ನು ನಾನು ನೋಡಿಲ್ಲ. ಲೆಕ್ಕ ಹಾಕಿ ನೋಡಿ: ಒಂದು ಚಕ್ರ ನೇರ ದಾರಿಗಿಂತ ಕಾಲು ಡಿಗ್ರಿ ಓರೆಯಾಗಿ ಉರುಳುತ್ತಿದ್ದರೆ, ಪ್ರತಿ ಕಿಲೋಮೀಟರಿಗೆ ಅದು ಸುಮಾರು ನಾಲ್ಕೂಕಾಲು ಮೀಟರಿನಷ್ಟು ಅಡ್ಡಡ್ಡಲಾಗಿ ಡಾಂಬರಿಗೆ ಉಜ್ಜಿಕೊಳ್ಳುತ್ತದೆ. ಕ್ಯಾಂಬರ್‌ನಿಂದಾಗಿ ಭಾರವೆಲ್ಲ ಒಳ ಅಂಚಿನ ಮೇಲೆ ಕೂತಿರುವುದರಿಂದ ಆ ಉಜ್ಜಾಟದ ಪೆಟ್ಟು ಬೀಳುವುದೂ ಅಲ್ಲಿಯೇ.

ಕಾರು ನಿಂತಲ್ಲೇ ನೀವೇ ಒಂದು ಪರೀಕ್ಷೆ ಮಾಡಬಹುದು. ಟೈರಿನ ಮೇಲೆ ಅಂಗೈಯನ್ನು ಅಡ್ಡಲಾಗಿ ಒಮ್ಮೆ ಒಳಗಿನಿಂದ ಹೊರಕ್ಕೆ, ಒಮ್ಮೆ ಹೊರಗಿನಿಂದ ಒಳಕ್ಕೆ ಸವರಿ. ಒಂದು ದಿಕ್ಕಿನಲ್ಲಿ ನುಣುಪಾಗಿ, ಇನ್ನೊಂದು ದಿಕ್ಕಿನಲ್ಲಿ ಗರಗಸದಂತೆ ಕೈಗೆ ತಾಗಿದರೆ ಅದು ಟೋದ ಕೆಲಸ. ಹೊರಕ್ಕೆ ಎಳೆಯುವಾಗ ಚುಚ್ಚಿದರೆ ಟೋ-ಇನ್ (ಚಕ್ರದ ಮುಂದಂಚು ಒಳಕ್ಕೆ ತಿರುಗಿರುವುದು) ಅತಿಯಾಗಿದೆ, ಒಳಕ್ಕೆ ಎಳೆಯುವಾಗ ಚುಚ್ಚಿದರೆ ಟೋ-ಔಟ್ (ಮುಂದಂಚು ಹೊರಕ್ಕೆ ತಿರುಗಿರುವುದು) ಆಗಿದೆ. ತಂತಿ ಎದ್ದಿರುವ ಅಂಚಿಗೆ ಮಾತ್ರ ಕೈ ಹಾಕಬೇಡಿ.

ಇನ್ನು ನಿಮ್ಮ ಎರಡು ಅಲೈನ್‌ಮೆಂಟ್‌ಗಳ ವಿಷಯ. ಅವುಗಳ ಪ್ರಿಂಟ್ ನಿಮ್ಮಲ್ಲಿದ್ದರೆ ತೆಗೆದು ನೋಡಿ, ಹಿಂದಿನ ಆಕ್ಸಲ್‌ನ ಅಂಕಿಗಳು ‘ಮೊದಲು’ ಮತ್ತು ‘ನಂತರ’ ಎರಡೂ ಕಡೆ ಒಂದೇ ಆಗಿದ್ದರೆ ಹಿಂದೆ ಯಾರೂ ಸ್ಪ್ಯಾನರ್ ಇಟ್ಟಿಲ್ಲ ಎಂದರ್ಥ. ಇದನ್ನು ಮೋಸವೆಂದು ನಾನು ಹೇಳುವುದಿಲ್ಲ. ನಮ್ಮ ಕಡೆ ಬರುವ ಹೆಚ್ಚಿನ ಸಣ್ಣ ಕಾರುಗಳ ಹಿಂದೆ ಟಾರ್ಶನ್ ಬೀಮ್ (ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ತೊಲೆ) ಇರುವುದರಿಂದ ಅಲ್ಲಿ ತಿರುಗಿಸುವುದಕ್ಕೆ ಏನೂ ಇರುವುದಿಲ್ಲ, ಹುಡುಗರ ಕೈಗೆ ಮುಂದಿನ ಟೋ ಸರಿಮಾಡಿ ಕಾರು ಇಳಿಸುವುದು ರೂಢಿಯಾಗಿಬಿಟ್ಟಿದೆ. ನಿಮ್ಮ ಕಾರಿನ ಹಿಂದಿರುವುದು ಮಲ್ಟಿಲಿಂಕ್, ಅಂದರೆ ಪ್ರತಿ ಚಕ್ರವನ್ನೂ ಹಲವು ಆರ್ಮ್‌ಗಳು ಬೇರೆಬೇರೆಯಾಗಿ ಹಿಡಿದಿರುವ ವ್ಯವಸ್ಥೆ. ಪ್ರತಿ ಬದಿಯಲ್ಲೂ ಆರ್ಮ್‌ಗಳು ಸಬ್‌ಫ್ರೇಮಿಗೆ (ಕಾರಿನ ಅಡಿಯ ಚೌಕಟ್ಟಿಗೆ) ಸೇರುವ ಕಡೆ ಎರಡು ಎಕ್ಸೆಂಟ್ರಿಕ್ ಬೋಲ್ಟ್‌ಗಳಿವೆ (ತಿರುಗಿಸಿದರೆ ಆರ್ಮ್ ಅನ್ನು ಒಳಕ್ಕೆ ಹೊರಕ್ಕೆ ಸರಿಸುವ ಬೋಲ್ಟ್‌ಗಳು), ಒಂದು ಕ್ಯಾಂಬರ್‌ಗೆ, ಇನ್ನೊಂದು ಟೋಗೆ. 30 ಮಿ.ಮೀ. ತಗ್ಗಿಸಿದ ಕಾರನ್ನು ಸಾಮಾನ್ಯವಾಗಿ ಈ ಬೋಲ್ಟ್‌ಗಳಲ್ಲೇ ಹದಕ್ಕೆ ತರಬಹುದು. ಬೋಲ್ಟ್ ತನ್ನ ಕೊನೆಯ ಅಂಚಿಗೆ ತಿರುಗಿ ನಿಂತ ಮೇಲೂ ಕ್ಯಾಂಬರ್ ಎರಡೂವರೆ ಡಿಗ್ರಿಯ ಆಚೆಯೇ ಉಳಿದರೆ, ಆಗ ಆರ್ಮ್ ತರಿಸುವ ಮಾತಾಡೋಣ.

ಕ್ರಮ ಮುಖ್ಯ. ಮೊದಲು ಹಿಂದಿನ ಕ್ಯಾಂಬರ್, ಆಮೇಲೆ ಹಿಂದಿನ ಟೋ, ಕೊನೆಗೆ ಮುಂಭಾಗ. ಕ್ಯಾಂಬರ್ ತಿರುಗಿಸಿದರೆ ಟೋ ಅಲುಗುತ್ತದೆ, ಟೋ ತಿರುಗಿಸಿದರೆ ಕ್ಯಾಂಬರ್ ಚೂರು ಅಲುಗುತ್ತದೆ, ಹಾಗಾಗಿ ಎರಡು ಮೂರು ಸುತ್ತು ಹೊಡೆಯದೆ ಅಂಕಿಗಳು ಕೂರುವುದಿಲ್ಲ. ಹಿಂದಿನ ಎಡ ಚಕ್ರ 20 ಮಿನಿಟು ಒಳಕ್ಕೆ ತಿರುಗಿ, ಬಲ ಚಕ್ರ ಸೊನ್ನೆಯಲ್ಲಿದ್ದರೆ, ಹಿಂಭಾಗ ಕಾರನ್ನು ಅವೆರಡರ ವ್ಯತ್ಯಾಸದ ಅರ್ಧದಷ್ಟು, ಅಂದರೆ 10 ಮಿನಿಟು, ಒಂದು ಬದಿಗೆ ತಳ್ಳುತ್ತಿರುತ್ತದೆ (ಇಲ್ಲಿ ಮಿನಿಟು ಎಂದರೆ ಡಿಗ್ರಿಯ ಅರುವತ್ತನೆಯ ಒಂದು ಭಾಗ). ಅದನ್ನು ಹಾಗೆಯೇ ಬಿಟ್ಟು ಮುಂದಿನದನ್ನು ಎಷ್ಟು ಸರಿಮಾಡಿದರೂ ನೇರ ರಸ್ತೆಯಲ್ಲಿ ಸ್ಟೀರಿಂಗ್ ಸೊಟ್ಟಗೇ ನಿಲ್ಲುತ್ತದೆ. ನಮ್ಮ ರಸ್ತೆಗಳಿಗೆ ನಾನು ಇಟ್ಟುಕೊಳ್ಳುವ ಗುರಿ, ಹಿಂದೆ ಕ್ಯಾಂಬರ್ ಒಂದೂವರೆಯಿಂದ ಎರಡು ಡಿಗ್ರಿಯೊಳಗೆ ನೆಗೆಟಿವ್, ಟೋ ಪ್ರತಿ ಚಕ್ರಕ್ಕೆ 5ರಿಂದ 8 ಮಿನಿಟು ಒಳಕ್ಕೆ, ಎರಡೂ ಬದಿ ಸಮ. ಕಾರು ಚುರುಕಾಗಿ ತಿರುಗಲಿ ಎಂದು ಹಿಂದೆ ಟೋ-ಔಟ್ ಕೊಡಿ ಎಂದು ಕೇಳುವ ಹುಡುಗರಿದ್ದಾರೆ. ಒದ್ದೆಯಾದ ಘಾಟಿಯ ತಿರುವಿನಲ್ಲಿ ಬ್ರೇಕ್ ತುಳಿದಾಗ ಹಿಂಭಾಗ ಹೊರಕ್ಕೆ ಎಗರುವುದು ಅಂಥ ಕಾರಿನಲ್ಲಿಯೇ, ಆದ್ದರಿಂದ ನಾನು ಕೊಟ್ಟವನಲ್ಲ.

ಈಗ ನಾನೇ ಮಾಡಿದ ತಪ್ಪೊಂದನ್ನು ಹೇಳಬೇಕು, ಏಕೆಂದರೆ ನಿಮ್ಮ ಸ್ಪ್ರಿಂಗ್ ಹಾಕಿದವರೂ ಅದನ್ನೇ ಮಾಡಿರುವ ಸಂಭವ ಹೆಚ್ಚು. ನನ್ನ ಕಾರಿಗೆ ಸ್ಪ್ರಿಂಗ್ ಬದಲಾಯಿಸಿದಾಗ, ಚಕ್ರಗಳು ಗಾಳಿಯಲ್ಲಿ ಜೋತಾಡುತ್ತಿದ್ದಂತೆಯೇ, ಲಿಫ್ಟ್‌ನಲ್ಲಿಯೇ ಆರ್ಮ್‌ಗಳ ಬೋಲ್ಟ್‌ಗಳನ್ನೆಲ್ಲ ಪೂರ್ತಿ ಬಿಗಿದುಬಿಟ್ಟೆ. ಆರ್ಮ್‌ಗಳ ತುದಿಯಲ್ಲಿರುವ ಬುಷ್‌ಗಳಲ್ಲಿ ರಬ್ಬರು ಒಳಗಿನ ಕಬ್ಬಿಣದ ಕೊಳವೆಗೆ ಅಂಟಿಕೊಂಡಿರುತ್ತದೆ, ಕೊಳವೆ ಬೋಲ್ಟ್‌ನ ಜೊತೆ ಕಚ್ಚಿಕೊಂಡು ನಿಲ್ಲುತ್ತದೆ, ಆರ್ಮ್ ಮೇಲೆ ಕೆಳಗೆ ಆಡಿದಾಗ ತಿರುಚಿಕೊಳ್ಳುವುದು ರಬ್ಬರು ಮಾತ್ರ. ಜೋತುಬಿದ್ದ ಸ್ಥಿತಿಯಲ್ಲಿ ಬಿಗಿದ ಬುಷ್, ಕಾರು ನೆಲಕ್ಕಿಳಿದ ಕ್ಷಣದಿಂದ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡೇ ಇರುತ್ತದೆ. ಮೊದಮೊದಲು ಅದು ಕಾರನ್ನು ಸ್ವಲ್ಪ ಎತ್ತಿಹಿಡಿದಿತ್ತು, ನಾನು ಆ ಎತ್ತರದಲ್ಲಿಯೇ ಅಲೈನ್‌ಮೆಂಟ್ ಮಾಡಿಕೊಂಡು ಹೆಮ್ಮೆಪಟ್ಟೆ. ಎರಡು ತಿಂಗಳಲ್ಲಿ ರಬ್ಬರು ಸೋತು ಹಿಂಭಾಗ ಇನ್ನಷ್ಟು ಕುಸಿಯಿತು, ಟೋ ಮತ್ತೆ ಹೋಯಿತು, ಮಳೆಗಾಲ ಮುಗಿಯುವಷ್ಟರಲ್ಲಿ ಒಂದು ಬುಷ್ ಹರಿದು ಟಕಟಕ ಸದ್ದು ಶುರುವಾಯಿತು. ಆದ್ದರಿಂದ ಎಲ್ಲ ಬೋಲ್ಟ್‌ಗಳನ್ನು ಒಮ್ಮೆ ಸಡಿಲಿಸಿ, ಕಾರಿನ ಭಾರ ಚಕ್ರದ ಮೇಲೆ ಬಿದ್ದಿರುವಾಗ ಎರಡು ಮೂರು ಸಲ ಡಿಕ್ಕಿಯನ್ನು ಒತ್ತಿ ಬಿಟ್ಟು, ಆ ಮೇಲೆಯೇ ಬಿಗಿಯಿಸಿ. ಮಲೆನಾಡಿನ ತೇವಕ್ಕೆ ಎಕ್ಸೆಂಟ್ರಿಕ್ ಬೋಲ್ಟ್‌ಗಳು ತುಕ್ಕು ಹಿಡಿದು ಕೊಳವೆಯೊಳಗೆ ಕಚ್ಚಿಕೊಂಡಿರುತ್ತವೆ, ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಡಿ.

ಆಲ್ದೂರಿನಲ್ಲಿ ಕುಳಿತೇ ಒಂದು ಅಂದಾಜು ಬೇಕಾದರೆ ದಾರ ಹಿಡಿದು ಟೋ ನೋಡಬಹುದು, ಅದಕ್ಕೆ ಕಾಫಿ ಒಣಗಿಸುವ ಸಿಮೆಂಟ್ ಕಣ ಸಾಕು. ಮಳೆನೀರು ಹರಿದುಹೋಗಲೆಂದು ಕಣಕ್ಕೆ ಇಳಿಜಾರು ಕೊಟ್ಟಿರುವುದರಿಂದ ಕ್ಯಾಂಬರ್ ಅಳತೆಗೆ ಅದು ಬಾರದು. ಚಕ್ರದ ನಡುವಿನ ಎತ್ತರದಲ್ಲಿ ಕಾರಿನ ಎರಡೂ ಬದಿಗೆ ದಾರ ಕಟ್ಟಿ. ಮುಂದಿನ ಎರಡು ಹಬ್‌ಗಳಿಂದ (ಚಕ್ರದ ನಟ್ಟನಡುವಿನ ಭಾಗದಿಂದ) ಎಡಬಲದ ದಾರಗಳಿಗಿರುವ ದೂರ ಸಮವಿರಲಿ, ಹಿಂದಿನ ಎರಡಕ್ಕೂ ಹಾಗೆಯೇ ಇರಲಿ, ದಾರಗಳೆರಡೂ ಒಂದಕ್ಕೊಂದು ಸಮಾನಾಂತರವಾಗಿರಲಿ. ಆಮೇಲೆ ಹಿಂದಿನ ರಿಮ್‌ನ ಮುಂದಂಚಿಗೂ ಹಿಂದಂಚಿಗೂ ದಾರದಿಂದ ಇರುವ ದೂರವನ್ನು ಅಳೆಯಿರಿ. ನಿಮ್ಮ 18 ಇಂಚಿನ ರಿಮ್‌ನಲ್ಲಿ 10 ಮಿನಿಟು ಎಂದರೆ ಸುಮಾರು 1.3 ಮಿ.ಮೀ. ವ್ಯತ್ಯಾಸ. ಮೂರು ನಾಲ್ಕು ಮಿ.ಮೀ. ಬಂದರೆ ಟೈರು ಹಾಳಾದದ್ದು ಏಕೆಂದು ಬೇರೆ ಯಾರನ್ನೂ ಕೇಳಬೇಕಾಗಿಲ್ಲ.

ಹೊಸ ಟೈರುಗಳನ್ನು ಹಾಕಿಸಿದ ದಿನವೇ, ಪೆಟ್ರೋಲ್ ಟ್ಯಾಂಕ್ ತುಂಬಿಸಿ, ನಾಲ್ಕೂ ಟೈರಿನ ಗಾಳಿ ನೋಡಿ ನೇರವಾಗಿ ಮಿಷನ್ ಮೇಲೆ ಹತ್ತಿಸಿ. ಹಿಂದಿನ ಚಕ್ರದ ಕೆಳಗಿನ ಜಾರುವ ತಟ್ಟೆಗಳ ಪಿನ್ ತೆಗೆದಿದ್ದಾರೆಯೇ ಎಂದು ನಿಂತು ನೋಡಿ, ಪಿನ್ ಹಾಗೆಯೇ ಇದ್ದರೆ ಬರುವ ಅಂಕಿಗಳೆಲ್ಲ ಸುಳ್ಳು. 500 ಕಿ.ಮೀ. ಓಡಿಸಿದ ಬಳಿಕ ಮತ್ತೊಮ್ಮೆ ಅಳೆಸಿ, ಮೊದಲಿನ ಪ್ರಿಂಟ್ ಜೊತೆಗೆ ಒಯ್ಯಿರಿ. ಎರಡನ್ನೂ ಇಲ್ಲಿ ಬರೆದರೆ ಆರ್ಮ್ ಬೇಕೋ ಬೇಡವೋ ಎಂಬುದನ್ನು ಅಂಕಿ ನೋಡಿಯೇ ಹೇಳುತ್ತೇನೆ.